ಹಿಂಜಗಲಿಗೆ ಜಾಲರಿ

ಮನೆಯ ಒಳಗೂ ಅಲ್ಲದ, ಹೊರಗೂ ಅಲ್ಲದ ಒಂದು ಎಡೆಯಿಲ್ಲದೆ ಮಲೆನಾಡಿನಲ್ಲಿ ಬಾಳು ಸಾಗದು. ವರ್ಷದಲ್ಲಿ ನಾಲ್ಕು ತಿಂಗಳು ಅಂಗಳವೆಲ್ಲ ನೀರಾಗಿ, ಕೋಣೆಗಳಲ್ಲಿ ಮಬ್ಬುಗತ್ತಲೆಯೂ ಮುಗ್ಗಲು ವಾಸನೆಯೂ ನೆಲೆಸಿರುವಾಗ, ಗಾಳಿಯನ್ನೂ ಬೆಳಕನ್ನೂ ಮಳೆಯ ನಾದವನ್ನೂ ಒಟ್ಟಿಗೆ ಸವಿಯಬಹುದಾದ ಸ್ಥಳವೆಂದರೆ ಜಗಲಿಯೊಂದೇ. ಆದರೆ ಆ ಗಾಳಿಬೆಳಕುಗಳೊಡನೆಯೇ ಸೊಳ್ಳೆ, ನುಸಿ, ಹಾತೆಗಳೂ ಬರುವುದರಿಂದ, ದೀಪ ಹತ್ತಿದೊಡನೆ ಎಲ್ಲರೂ ಒಳಸೇರಿ ಬಾಗಿಲು ಮುಚ್ಚಿಕೊಳ್ಳುವುದು ತೀರ್ಥಹಳ್ಳಿಯ ಸೀಮೆಯಲ್ಲಿರುವ ನಮ್ಮ ಮನೆಯ ಬಹುಕಾಲದ ರೂಢಿಯಾಗಿದ್ದಿತು. ದಿನದಲ್ಲಿ ಅತ್ಯಂತ ರಮಣೀಯವಾದ ಹೊತ್ತನ್ನೇ ಹೀಗೆ ಕಳೆದುಕೊಳ್ಳುವುದು ಸರಿತೋರದೆ, ಜಗಲಿಗೆ ಜಾಲರಿ ಕಟ್ಟಿಸುವ ಸಂಕಲ್ಪ ಮಾಡಿದೆನು.

ಮುಂಭಾಗಕ್ಕೋ ಹಿಂಭಾಗಕ್ಕೋ ಎಂಬ ಪ್ರಶ್ನೆಯನ್ನು ತಾಯಿಯವರು ಒಂದೇ ಮಾತಿನಲ್ಲಿ ಇತ್ಯರ್ಥಪಡಿಸಿದರು. “ಮುಂದ್ಗಡೆ ಜಗಲಿಗೆ ಬಲೆ ಬಿಗಿದ್ರೆ ಬಂದೋರು ಎಲ್ಲಿ ಕೂರ್ಬೇಕೋ? ಬಾಗ್ಲು ತಟ್ಟಿ, ಕೇಳ್ಕೊಂಡು ಹತ್ತೋ ಜಾಗ ಅಲ್ಲ ಅದು” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತಿತು. ತೋಟದ ಕೆಲಸಕ್ಕೆ ಬಂದವರು, ಒದ್ದೆಕೊಡೆ ಮಡಿಸಿ ಮಳೆ ಕಳೆಯಲೆಂದು ಹತ್ತುವ ದಾರಿಹೋಕರು, ಲಗ್ನಪತ್ರಿಕೆ ಹಿಡಿದು ಬಂದ ನೆಂಟರು, ಯಾರ ಅಪ್ಪಣೆಯನ್ನೂ ಬೇಡದೆ ಕುಳಿತುಕೊಳ್ಳುವ ಸ್ಥಳ ಮುಂಜಗಲಿ. ಗೃಹಸ್ಥನ ಸ್ವತ್ತಾಗಿದ್ದೂ ಅದು ಅರ್ಧ ಊರಿಗೆ ಸೇರಿದುದು. ಅದಕ್ಕೊಂದು ಬಾಗಿಲನ್ನು ಇಟ್ಟೆವಾದರೆ, ಆ ಬಾಗಿಲು ಎಷ್ಟೇ ಹಗುರಾಗಿರಲಿ, ಬಂದವರು ಹೊಸ್ತಿಲಾಚೆಯೇ ನಿಲ್ಲಬೇಕಾಗುತ್ತದೆ. ಇಂದು ನಮ್ಮ ಸೀಮೆಯಲ್ಲಿ ಎಷ್ಟೋ ಮುಂಜಗಲಿಗಳು ಕಬ್ಬಿಣದ ಸರಳುಗಳ ಹಿಂದೆ ಸೇರಿಹೋಗಿರುವುದನ್ನು ಕಂಡಾಗಲೆಲ್ಲ ನನಗೆ ವ್ಯಥೆಯಾಗುತ್ತದೆ. ಆದುದರಿಂದ ಮುಂಜಗಲಿಯನ್ನು ಇದ್ದಂತೆಯೇ ಬಿಟ್ಟು, ಬಾವಿಕಟ್ಟೆಗೂ ಅಡಿಕೆತೋಟಕ್ಕೂ ಮುಖಮಾಡಿದ ಉತ್ತರದ ಗೋಡೆಯ ಹೊರಗೆ ಹೊಸದೊಂದು ಹಿಂಜಗಲಿಯನ್ನು ಎಬ್ಬಿಸುವುದೆಂದು ನಿಶ್ಚಯವಾಯಿತು. ನೈಋತ್ಯದಿಂದ ಬೀಸುವ ಮಳೆಗಾಳಿಗೆ ಮನೆಯೇ ಅಲ್ಲಿ ತಡೆಯಾಗಿ ನಿಲ್ಲುತ್ತದೆಂಬುದು ಈ ಸ್ಥಳದ ಇನ್ನೊಂದು ಗುಣ.

ಜಾಲರಿಯ ಜಗಲಿಯೆಂದೊಡನೆ ಎಲ್ಲರೂ ಜಾಲರಿಯನ್ನು ಕುರಿತೇ ವಿಚಾರಿಸುತ್ತಾರೆ. ಆದರೆ ಈ ಕಾರ್ಯದ ಜೀವವಿರುವುದು ಮಾಡಿನಲ್ಲಿ. ಗೋಡೆಗೆ ಒತ್ತಿ ತಗಡಿನ ಪ್ರತ್ಯೇಕ ಇಳಿಮಾಡನ್ನು ಹಾಕಿಸುವುದು ಸುಲಭವಾದರೂ, ಗೋಡೆಯೂ ತಗಡೂ ಕೂಡುವ ಸಂದಿಯಲ್ಲಿ ನೀರು ಜಿನುಗದಂತೆ ಮಾಡುವುದು ಆಗುಂಬೆಯ ನೆರೆಯ ಈ ಮಳೆಯಲ್ಲಿ ಬಹು ಕಠಿನ. ಹಳೆಯ ಪಕಾಸುಗಳಿಗೇ ಹೊಸವನ್ನು ಜೋಡಿಸಿ, ರೀಪು ಹೊಡೆದು, ಮಂಗಳೂರು ಹಂಚಿನ ಮಾಡನ್ನು ಅದೇ ಓಟದಲ್ಲಿ ಕೆಳಕ್ಕೆ ಎಳೆದರೆ ಸಂದಿಯೆಂಬುದೇ ಇರುವುದಿಲ್ಲ. ಆಗ ಏಳುವ ಪ್ರಶ್ನೆ ಎತ್ತರದ್ದು. 30 ಡಿಗ್ರಿ ಇಳಿಜಾರಿನ ಮಾಡನ್ನು ಒಂದಡಿ ಮುಂದಕ್ಕೆ ತಂದರೆ ಸೂರು ಸುಮಾರು 7 ಅಂಗುಲ ತಗ್ಗುತ್ತದೆ. 8 ಅಡಿ ಅಗಲದ ಜಗಲಿಗೆ ನಾಲ್ಕೂವರೆ ಅಡಿಗೂ ಮಿಕ್ಕ ಇಳಿತವಾಗಿ, ಎತ್ತರದ ಆಳು ತಲೆಬಾಗಿಸಿ ನಡೆಯಬೇಕಾದೀತು. ನಮ್ಮ ಆಚಾರಿಯವರು ಈ ಲೆಕ್ಕವನ್ನು ನೂಲು ಹಿಡಿದೇ ತೋರಿಸಿಕೊಟ್ಟು, ಜಗಲಿಯ ನೆಲವನ್ನು ಒಳನೆಲಕ್ಕಿಂತ ಎರಡು ಮೆಟ್ಟಿಲು ತಗ್ಗಿಸಲು ಸೂಚಿಸಿದರು. ಆ ತಗ್ಗಿನಿಂದ ತಲೆಯ ಮೇಲೆ ಬೇಕಾದಷ್ಟು ಅವಕಾಶ ದೊರೆತುದಲ್ಲದೆ, ಮಳೆನೀರು ಅಪ್ಪಿತಪ್ಪಿ ನುಗ್ಗಿದರೂ ಒಳಮನೆಗೆ ಹತ್ತಲಾರದಾಯಿತು. ನೆಲಕ್ಕೆ ಹೊರಮುಖವಾಗಿ ಅಡಿಗೆ ಕಾಲು ಅಂಗುಲದಷ್ಟು ವಾಟ ಕೊಟ್ಟು, ಒದ್ದೆಯಾದರೆ ಜಾರುವ ನುಣುಪಾದ ಕೆಂಪು ಸಿಮೆಂಟಿಗೆ ಬದಲಾಗಿ ತರಿಯಾದ ಕಲ್ಲು ಹಾಸಿದೆವು.

ಇನ್ನು ಜಾಲರಿಯ ಮಾತು. ಸೊಳ್ಳೆಯೇ ಮಲೇರಿಯಾ ಜ್ವರದ ವಾಹಕವೆಂಬುದಕ್ಕೆ 1897ರಲ್ಲಿ ಸಿಕಂದರಾಬಾದಿನಲ್ಲಿ ಆಧಾರವನ್ನು ಕಂಡುಕೊಂಡ ರೊನಾಲ್ಡ್ ರಾಸ್, ಅದಕ್ಕೆ ಎಷ್ಟೋ ಮೊದಲು, 1883ರಲ್ಲಿ, ಬೆಂಗಳೂರಿನ ತಮ್ಮ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ತಾಳಲಾರದೆ ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳನ್ನು ಕಂಡು, ಅದನ್ನು ಬರಿದುಮಾಡಿಸಿ ಉಪಶಮನ ಪಡೆದರು. 1900ರ ಬೇಸಗೆಯಲ್ಲಿ ಮಲೇರಿಯಾದ ತವರಾಗಿದ್ದ ರೋಮಿನ ಬಳಿಯ ಒಸ್ತಿಯಾ ಬಯಲಿನಲ್ಲಿ, ಪ್ಯಾಟ್ರಿಕ್ ಮ್ಯಾನ್ಸನ್‌ರ ಯೋಜನೆಯಂತೆ ಸಾಂಬನ್ ಮತ್ತು ಲೋ ಎಂಬ ವೈದ್ಯರು ತಂತಿಜಾಲರಿಯ ಗುಡಿಸಲೊಂದರಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ತಂಗುತ್ತ ತಿಂಗಳುಗಟ್ಟಲೆ ವಾಸಿಸಿ, ಜ್ವರವಿಲ್ಲದೆ ಹೊರಬಂದರು. ಈ ಎರಡು ವೃತ್ತಾಂತಗಳನ್ನೂ ಒಟ್ಟಿಗೆ ನೆನೆಯಬೇಕೆಂಬುದು ನನ್ನ ಅಭಿಪ್ರಾಯ. ಅಂಗಳದ ಒಡೆದ ಮಡಕೆ, ತೆಂಗಿನ ಚಿಪ್ಪು, ತೋಟದಲ್ಲಿ ಮಗುಚದೆ ಬಿದ್ದ ಹಾಳೆ ಇವುಗಳಲ್ಲಿ ನಿಂತ ನೀರನ್ನು ಚೆಲ್ಲದೆ ಜಾಲರಿಯನ್ನು ಮಾತ್ರ ನಂಬುವವನು ಅರ್ಧ ರಕ್ಷಣೆಯನ್ನಷ್ಟೇ ಪಡೆದಾನು. ಮೇಲಾಗಿ ಡೆಂಗ್ಯೂ ಹರಡುವ ಸೊಳ್ಳೆಯು ಹಗಲಿನಲ್ಲಿಯೇ ಕಚ್ಚುವುದರಿಂದ, ರಾತ್ರಿಯ ಸೊಳ್ಳೆಪರದೆಯೊಂದರಿಂದ ಮಕ್ಕಳನ್ನು ಕಾಯಲಾಗದು.

ಅಂಗುಲವೊಂದರಲ್ಲಿ ಒಂದು ದಿಕ್ಕಿಗೆ 18, ಇನ್ನೊಂದು ದಿಕ್ಕಿಗೆ 16 ಕಣ್ಣುಗಳಿರುವ ಜಾಲರಿಯು ಸೊಳ್ಳೆಯನ್ನು ತಡೆಯುತ್ತದೆ, ನುಸಿಯನ್ನಲ್ಲ. ಕಣ್ಣು ಇನ್ನೂ ಕಿರಿದಾದಷ್ಟೂ ಗಾಳಿಯ ಓಟ ಕುಗ್ಗುತ್ತದೆ. ಗಾಳಿಯಾಡದ ಜಗಲಿಯಲ್ಲಿ ಕೂರುವವರಾರು? ಹಾಗಾಗಿ ದೊಡ್ಡ ಕಣ್ಣಿನದನ್ನೇ ಆರಿಸಿ ಮೇಲೊಂದು ಫ್ಯಾನು ತೂಗಿಸಿದೆವು. ನುಸಿಯು ಬೀಸುಗಾಳಿಯಲ್ಲಿ ಹಾರಲಾರದು. ಫೈಬರ್‌ಗ್ಲಾಸಿನ ಜಾಲರಿ ಅಗ್ಗವಾದರೂ ಬೆಕ್ಕಿನ ಉಗುರಿಗೆ ನಿಲ್ಲದೆಂದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದನ್ನು ತಂದೆವು. ಉಪ್ಪುಗಾಳಿಯ ಕರಾವಳಿಯವರಿಗಾದರೆ 316 ಉತ್ತಮ. ಬಾಗಿಲು ಹೊರಕ್ಕೆ ತೆರೆದು, ಸ್ಪ್ರಿಂಗಿನಿಂದ ತಾನಾಗಿ ಮುಚ್ಚಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾರ ಕಣ್ಣಿಗೂ ಬೀಳದೆ ಉಳಿಯುವುದು ಸೂರಿನಡಿಯ ಸಂದಿ: ಹಂಚಿನ ಅಲೆಗೂ ಅಡ್ಡತೊಲೆಗೂ ನಡುವೆ ಕೈ ತೂರುವಷ್ಟು ತೆರಪಿರುತ್ತದೆ, ಪಕಾಸುಗಳ ತಳಕ್ಕೂ ಜಾಲರಿ ಬಡಿದ ಹೊರತು ಸುತ್ತಲ ಶ್ರಮವೆಲ್ಲ ವ್ಯರ್ಥ.

ಜಾಲರಿಯು ಎರಚಲನ್ನು ತಡೆಯದೆಂಬುದನ್ನೂ ಹೇಳಬೇಕು. ಆರಿದ್ರೆಯಿಂದ ಆಶ್ಲೇಷೆಯವರೆಗಿನ ಮಳೆಗಳಲ್ಲಿ ಪಶ್ಚಿಮದ ಬದಿಗೆ ಹಿರಿಯರ ಕಾಲದ ಕ್ರಮದಂತೆ ಸೋಗೆಯ ತಟ್ಟಿಯನ್ನೇ ಕಟ್ಟುತ್ತೇವೆ. ಅದಕ್ಕಿಂತ ಮಿಗಿಲಾದುದನ್ನು ನಾನು ಕಾಣೆ. ಉಳಿದ ಎರಡು ಬದಿಗಳು ತೆರೆದಿದ್ದು, ಅಡಿಕೆ ಸುಲಿಯುವವರು ರಾತ್ರಿ ಬಹಳ ಹೊತ್ತಿನವರೆಗೆ ಅಲ್ಲಿಯೇ ಕುಳಿತು ಕತೆ ಹೇಳುತ್ತಾರೆ, ಮಕ್ಕಳು ಅಲ್ಲಿಯೇ ಪಾಠ ಓದುತ್ತಾರೆ, ಮುಂಜಗಲಿಯ ಪರವಾಗಿ ವಾದಿಸಿದ ತಾಯಿಯವರು ಮಧ್ಯಾಹ್ನದ ನಿದ್ರೆಗೂ ಇಲ್ಲಿಯೇ ಚಾಪೆ ಹಾಸಿಕೊಳ್ಳುತ್ತಾರೆ. ನಾವು ಹೀಗೆ ನೆಮ್ಮದಿಯಾಗಿರುವಾಗ ಕೊಟ್ಟಿಗೆಯ ದನಗಳು ರಾತ್ರಿಯೆಲ್ಲ ಬಾಲ ಬೀಸುತ್ತ ನಿದ್ರೆಗೆಡುವುದು ನ್ಯಾಯವಲ್ಲವೆಂದು ಈಗ ಅವರದೇ ಒತ್ತಾಯ. ಮೃಗಶಿರೆ ಹಿಡಿಯುವ ಮೊದಲೇ ಕೊಟ್ಟಿಗೆಯ ಕಿಂಡಿಗಳಿಗೂ ಜಾಲರಿ ಹೊಡೆಯಬೇಕೆಂದು ಆಚಾರಿಯವರು ಅಳತೆ ತೆಗೆದುಕೊಂಡು ಹೋಗಿದ್ದಾರೆ.