ತಾಯ್ನೆಲದ ಮೇಲಣ ಬಾನು

ಮನೆಯಲ್ಲಿರುವಾಗ ಮನೆಯ ಬೆಲೆ ತಿಳಿಯುವುದಿಲ್ಲ. ಒಲೆಯ ಹೊಗೆ, ಅಂಗಳದ ಮರ, ಬಾಗಿಲು ತೆರೆಯುವಾಗಿನ ಕಿರುಗುಟ್ಟುವ ಸದ್ದು ದಿನವೂ ಜೊತೆಗಿರುವುದರಿಂದಲೇ ನಮ್ಮ ಗಮನಕ್ಕೆ ಬಾರವು. ಊರು ಬಿಟ್ಟು ದೂರ ಹೋದವನಿಗೆ ಅವು ಒಂದೊಂದಾಗಿ ನೆನಪಾಗಿ ಕಾಡುತ್ತವೆ. ಬನವಾಸಿಗಾಗಿ ಹಂಬಲಿಸಿದ ಪಂಪನನ್ನು ನೀವು ಬಲ್ಲಿರಿ. ಆತ ಕವಿಯೂ ಹೌದು, ಕಲಿಯೂ ಹೌದು. ಅಂತಹುದೇ ಹಂಬಲವನ್ನು ಎದೆಯಲ್ಲಿ ಹೊತ್ತಿದ್ದ ಇನ್ನೊಬ್ಬ ಬರೆಹಗಾರನ, ಇನ್ನೊಬ್ಬ ಯೋಧನ ಕಥೆ ಇದು. ಆತನ ನಾಡು ಫ್ರಾನ್ಸ್. ಹೆಸರು ಆಂತ್ವಾನ್ ದ ಸೇಂತ್ ಎಕ್ಸುಪೆರಿ. ವೃತ್ತಿ ವಿಮಾನ ನಡೆಸುವುದು.

ಎಕ್ಸುಪೆರಿ ಹುಟ್ಟಿದುದು 1900ರ ಜೂನ್ 29ರಂದು, ಲಿಯೋನ್ ನಗರದಲ್ಲಿ. ನಾಲ್ಕು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡನು. ಐವರು ಮಕ್ಕಳನ್ನು ಸಾಕುವ ಹೊಣೆ ತಾಯಿ ಮರೀ ಅವರ ಮೇಲೆ ಬಿದ್ದಿತು. ಸೇಂತ್ ಮೊರಿಸ್ ಎಂಬ ಹಳ್ಳಿಯಲ್ಲಿ ಬಂಧುಗಳದೊಂದು ದೊಡ್ಡ ಮನೆಯಿತ್ತು. ಸುತ್ತಲೂ ತೋಟ, ಎತ್ತರದ ಮರಗಳು. ಮಕ್ಕಳ ಆಟಪಾಟಗಳೆಲ್ಲ ಅಲ್ಲಿಯೇ. ಆ ಮನೆಗೆ ಸಮೀಪದಲ್ಲಿ ಒಂದು ವಿಮಾನ ಮೈದಾನವಿತ್ತು. 1912ರಲ್ಲಿ, ಹನ್ನೆರಡರ ಬಾಲಕ ಎಕ್ಸುಪೆರಿ ಮೊದಲ ಬಾರಿಗೆ ವಿಮಾನವೇರಿದುದು ಅಲ್ಲಿಯೇ.

ಬೆಳೆದ ಮೇಲೆ ಆತನು ಅಂಚೆಯ ವಿಮಾನಗಳನ್ನು ನಡೆಸತೊಡಗಿದನು. ಮರುಭೂಮಿಗಳನ್ನು ದಾಟಿ ಆಫ್ರಿಕದ ಡಕಾರಿನವರೆಗೆ ಹಾರಿದನು. ದಕ್ಷಿಣ ಅಮೆರಿಕದಲ್ಲಿಯೂ ಕೆಲಸ ಮಾಡಿದನು. ಪರರ ಪತ್ರಗಳನ್ನು ಊರೂರಿಗೆ ಮುಟ್ಟಿಸಿದ ಆತ ತನ್ನ ತಾಯಿಗೂ ಪತ್ರಗಳನ್ನು ಬರೆಯುತ್ತಿದ್ದನು. 1930ರಲ್ಲಿ ಬ್ಯೂನಸ್ ಐರಿಸ್ ನಗರದಿಂದ ಬರೆದ ಒಂದು ಪತ್ರದಲ್ಲಿ ಬಾಲ್ಯದ ಮನೆಯ ಮೇಲಂತಸ್ತಿನ ಕೋಣೆಯಲ್ಲಿದ್ದ ಪುಟ್ಟ ಒಲೆಯೊಂದನ್ನು ನೆನೆದಿದ್ದಾನೆ. ಚಳಿಗಾಲದ ಇರುಳಿನಲ್ಲಿ ಆ ಒಲೆ ಸಣ್ಣಗೆ ಸದ್ದು ಮಾಡುತ್ತ ಉರಿಯುತ್ತಿದ್ದರೆ ಮಗುವಿಗೆ ಯಾವ ಭಯವೂ ಇರುತ್ತಿರಲಿಲ್ಲ. ಲೋಕ ಸುತ್ತಿದ ಆ ಸಾಹಸಿಗೆ ನೆಮ್ಮದಿಯೆಂದರೆ ಆ ಒಲೆಯ ನೆನಪೇ ಆಗಿತ್ತು.

1939ರಲ್ಲಿ ಎರಡನೆಯ ಮಹಾಯುದ್ಧ ಪ್ರಾರಂಭವಾಯಿತು. ಎಕ್ಸುಪೆರಿ ವೈಮಾನಿಕ ದಳವೊಂದನ್ನು ಸೇರಿ, ಶತ್ರುಸೈನ್ಯದ ಚಲನವಲನಗಳನ್ನು ಮೇಲಿನಿಂದ ಕಂಡು ತಿಳಿಸುವ ಕೆಲಸದಲ್ಲಿ ತೊಡಗಿದನು. ಆದರೆ 1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಆತನು ಸೈನ್ಯದಿಂದ ಬಿಡುಗಡೆ ಹೊಂದಿ, ಆ ವರ್ಷದ ಕೊನೆಯ ದಿನ ಹಡಗಿನಲ್ಲಿ ನ್ಯೂಯಾರ್ಕನ್ನು ತಲುಪಿದನು.

ನ್ಯೂಯಾರ್ಕಿನಲ್ಲಿ ಆತನಿಗೆ ಯಾವ ಕೊರತೆಯೂ ಇರಲಿಲ್ಲ. ಓದುಗರಿದ್ದರು, ಹೆಸರಿತ್ತು, ಹೊಟ್ಟೆ ತುಂಬ ಊಟವಿತ್ತು. ಆದರೂ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲವೆನ್ನಬೇಕು. ತಾಯಿ, ಗೆಳೆಯರು ಪರರ ಆಳ್ವಿಕೆಯ ನಾಡಿನಲ್ಲಿದ್ದರು. ಅಲ್ಲಿನ ಭಾಷೆ ಆತನಿಗೆ ಸರಿಯಾಗಿ ಒಲಿಯಲಿಲ್ಲ. ಅಲ್ಲಿಗೆ ಬಂದಿದ್ದ ಸ್ವದೇಶೀಯರಾದರೋ ಪಕ್ಷಗಳಾಗಿ ಒಡೆದು ಜಗಳವಾಡುತ್ತಿದ್ದರು. ಯಾವ ಪಕ್ಷಕ್ಕೂ ಸೇರದ ಆತನನ್ನು ಎಲ್ಲರೂ ಅನುಮಾನದಿಂದ ನೋಡಿದರು. ಈ ಒಂಟಿತನದಲ್ಲಿಯೇ ಆತನು ‘ಪುಟ್ಟ ರಾಜಕುಮಾರ’ ಎಂಬ ಕಥೆಯನ್ನು ಬರೆದನು. 1943ರಲ್ಲಿ ಪ್ರಕಟವಾದ ಆ ಪುಸ್ತಕವನ್ನು ಅರ್ಪಿಸಿದುದು ಫ್ರಾನ್ಸಿನಲ್ಲಿಯೇ ಉಳಿದು ಕಷ್ಟಪಡುತ್ತಿದ್ದ ಗೆಳೆಯನೊಬ್ಬನಿಗೆ. ತನ್ನ ಗ್ರಹವನ್ನು ಬಿಟ್ಟು ಬಂದು, ಅಲ್ಲಿ ಉಳಿದ ಒಂದು ಹೂವಿಗಾಗಿ ಮರುಗುವ ಆ ಬಾಲಕನನ್ನು ಕಂಡಾಗ, ಬರೆದವನ ಮನಸ್ಸೂ ನಮಗೆ ಕಾಣದಿರದು.

ದೂರದಲ್ಲಿ ಕುಳಿತು ಕಣ್ಣೀರಿಡುವುದರಿಂದ ತಾಯ್ನಾಡಿಗೆ ಏನು ಪ್ರಯೋಜನ? ಎಕ್ಸುಪೆರಿ ಮತ್ತೆ ಯುದ್ಧಕ್ಕೆ ಹೊರಟನು. 1943ರ ಏಪ್ರಿಲಿನಲ್ಲಿ ಹಡಗನ್ನೇರಿ ಉತ್ತರ ಆಫ್ರಿಕವನ್ನು ಸೇರಿದನು. ಹೊಸ ಬಗೆಯ ವೇಗದ ವಿಮಾನಗಳನ್ನು ನಡೆಸಲು ಆತನ ವಯಸ್ಸು ಮೀರಿತ್ತು. ಹಿಂದಿನ ಅಪಘಾತಗಳಿಂದ ದೇಹ ಜರ್ಜರಿತವಾಗಿತ್ತು. ಹಾರಾಟದ ಉಡುಪನ್ನು ತೊಡಲು ಇತರರ ನೆರವು ಬೇಕಾಗುತ್ತಿತ್ತು. ಆಗಸ್ಟ್ ತಿಂಗಳಲ್ಲಿ ವಿಮಾನವನ್ನು ಇಳಿಸುವಾಗ ತಪ್ಪಾಗಿ ಅದು ಜಖಂಗೊಂಡಿತು. ಅಧಿಕಾರಿಗಳು ಆತನ ಹಾರಾಟವನ್ನು ನಿಲ್ಲಿಸಿದರು. ಎಂಟು ತಿಂಗಳುಗಳ ಕಾಲ ಆತನು ಕಂಡಕಂಡವರನ್ನೆಲ್ಲ ಬೇಡಿಕೊಂಡನು. ಕೊನೆಗೆ ಐದು ಹಾರಾಟಗಳಿಗೆ ಮಾತ್ರ ಅನುಮತಿ ದೊರೆಯಿತು. ಆತನು ಆ ಮಿತಿಯನ್ನೂ ದಾಟಿ ಹಾರಿದನು.

ಆತನ ವಿಮಾನದಲ್ಲಿ ಕೋವಿಗಳಿರಲಿಲ್ಲ. ಅವುಗಳ ಜಾಗದಲ್ಲಿ ಕ್ಯಾಮೆರಾಗಳಿದ್ದವು. ಸುಮಾರು 9,000 ಮೀಟರ್ ಎತ್ತರದಲ್ಲಿ ಒಬ್ಬನೇ ಹಾರುತ್ತ, ಶತ್ರುವಿನ ವಶದಲ್ಲಿದ್ದ ನೆಲದ ಚಿತ್ರಗಳನ್ನು ತೆಗೆದು ತರಬೇಕಾಗಿತ್ತು. ಆ ಎತ್ತರದಲ್ಲಿ ಹೊರಗಿನ ಚಳಿ ಶೂನ್ಯಕ್ಕಿಂತ 40 ಡಿಗ್ರಿಗಳಷ್ಟು ಕೆಳಗಿರುತ್ತದೆ. ಉಸಿರಾಟಕ್ಕೆ ಮುಖವಾಡದ ಆಮ್ಲಜನಕವೇ ಗತಿ. ಕೆಳಗೆ ಕಾಣುತ್ತಿದ್ದುದಾದರೂ ಯಾವ ನೆಲ? ತಾನು ಹುಟ್ಟಿ ಬೆಳೆದ ನೆಲ! ನದಿ, ಬೆಟ್ಟ, ಊರುಗಳೆಲ್ಲ ಪರಿಚಿತವೇ. ಆದರೆ ಇಳಿಯುವಂತಿಲ್ಲ, ಯಾರನ್ನೂ ಕೂಗಿ ಕರೆಯುವಂತಿಲ್ಲ. 1944ರ ಜೂನ್ 29, ತನ್ನ ನಲವತ್ತನಾಲ್ಕನೆಯ ಹುಟ್ಟುಹಬ್ಬವನ್ನು ಆತನು ಕಳೆದುದು ಹೀಗೆ, ಆನ್ಸಿ ಎಂಬ ಊರಿನ ಮೇಲಿನ ಬಾನಿನಲ್ಲಿ. ಅಂದು ವಿಮಾನದ ಎರಡು ಎಂಜಿನುಗಳಲ್ಲಿ ಒಂದು ಕೆಟ್ಟಿತು. ಉಳಿದ ಒಂದರ ಬಲದಿಂದ ಇಟಲಿಯನ್ನು ಬಳಸಿ ಹೇಗೋ ಹಿಂದಿರುಗಿದನು.

ಅದೇ ವರ್ಷದ ಜುಲೈ 31ರ ಬೆಳಿಗ್ಗೆ ಕಾರ್ಸಿಕಾ ದ್ವೀಪದ ಬೋರ್ಗೋ ನೆಲೆಯಿಂದ ಆತನ ವಿಮಾನ ಮೇಲೇರಿತು. ಹೋಗಬೇಕಾದುದು ಗ್ರೆನೋಬ್ಲ್ ಮತ್ತು ಆನ್ಸಿ ಕಡೆಗೆ, ಬಾಲ್ಯದ ಮನೆಗೆ ಬಹಳ ದೂರವಲ್ಲದ ಪ್ರದೇಶಕ್ಕೆ. ಮಧ್ಯಾಹ್ನವಾಯಿತು, ಇಂಧನ ಮುಗಿಯುವ ವೇಳೆಯೂ ಕಳೆಯಿತು. ಗೆಳೆಯರು ಬಾನನ್ನೇ ನೋಡುತ್ತ ನಿಂತರು. ವಿಮಾನ ಹಿಂದಿರುಗಲಿಲ್ಲ. ಅಲ್ಲಿಗೆ ಹದಿನೈದು ದಿನಗಳಲ್ಲಿ, ಆಗಸ್ಟ್ 15ರಂದು, ಮಿತ್ರಸೈನ್ಯ ದಕ್ಷಿಣ ಫ್ರಾನ್ಸಿನ ತೀರದಲ್ಲಿ ಇಳಿಯಿತು. 25ರಂದು ಪ್ಯಾರಿಸ್ ಸ್ವತಂತ್ರವಾಯಿತು.

1998ರಲ್ಲಿ ಮಾರ್ಸೇಲ್ ನಗರದ ಬಳಿಯ ಕಡಲಿನಲ್ಲಿ ಮೀನುಗಾರನೊಬ್ಬನ ಬಲೆಗೆ ಬೆಳ್ಳಿಯ ಕೈಪಟ್ಟಿಯೊಂದು ಸಿಕ್ಕಿತು. ಅದರ ಮೇಲೆ ಎಕ್ಸುಪೆರಿಯ ಹೆಸರಿತ್ತು. 2003ರಲ್ಲಿ ವಿಮಾನದ ಚೂರುಗಳನ್ನು ಮೇಲೆತ್ತಿದರು. ಮರುವರ್ಷ ಅವು ಆತನ ವಿಮಾನದವೇ ಎಂದು ಖಚಿತವಾಯಿತು. ತಾಯ್ನೆಲವನ್ನು ಮುಟ್ಟಲು ಹಂಬಲಿಸಿದವನು ಅದರ ಅಂಚಿನ ನೀರಿನಲ್ಲಿಯೇ ಮಲಗಿದ್ದನು.

ಇನ್ನೊಂದು ಮಾತು ಉಳಿದಿದೆ. ಕಣ್ಮರೆಯಾಗುವ ಮುನ್ನ, ಆ ಜುಲೈ ತಿಂಗಳಲ್ಲಿಯೇ ಆತನು ತಾಯಿಗೆ ಒಂದು ಪತ್ರ ಬರೆದಿದ್ದನು. ತಾನು ಕ್ಷೇಮವೆಂದು ತಿಳಿಸಿ, ಬಹುಕಾಲ ತಾಯಿಯನ್ನು ಕಾಣದ ದುಃಖವನ್ನು ತೋಡಿಕೊಂಡಿದ್ದನು. ಜಗತ್ತಿನ ಅಂಚೆಯನ್ನು ಹೊತ್ತು ಹಾರಿದವನ ಆ ಪತ್ರ ತಾಯಿಯ ಕೈ ಸೇರಿದುದು ಒಂದು ವರ್ಷದ ಬಳಿಕ, 1945ರ ಜುಲೈನಲ್ಲಿ. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಮುಗಿದಿತ್ತು. ನಾಡು ಬಿಡುಗಡೆ ಹೊಂದಿತ್ತು. ಪತ್ರ ಬರೆದ ಮಗ ಮಾತ್ರ ಇರಲಿಲ್ಲ. ಆ ತಾಯಿ 1972ರವರೆಗೆ ಬದುಕಿದ್ದರು.

ಇಂದು ಶಾಲೆಯಿಂದ ಮನೆಗೆ ಹೋದಾಗ ಒಂದು ಗಳಿಗೆ ಹೊಸ್ತಿಲಿನಲ್ಲಿ ನಿಂತು ಒಳಗೆ ನೋಡಿರಿ. ನೀವು ದಿನವೂ ಕಾಣುವ ಆ ದೀಪ, ಆ ಒಲೆ, ನಿಮಗಾಗಿ ಕಾದಿರುವ ಆ ಮುಖ ಎಷ್ಟು ದೊಡ್ಡ ಸಂಪತ್ತೆಂಬುದು ತಿಳಿಯುತ್ತದೆ. ಆ ಸಂಪತ್ತು ತನ್ನ ನಾಡಿನ ಎಲ್ಲ ಮಕ್ಕಳಿಗೂ ಮರಳಿ ದೊರೆಯಲೆಂದೇ ಒಬ್ಬನು ಬಾನಿಗೇರಿ ಹಿಂದಿರುಗದೆ ಹೋದನು.