ಬೀರುವಿನಲ್ಲಿರುವ ಜಿಪಿಎ



ನಿನ್ನಪ್ಪ ಬೆಂಗಳೂರಿನಲ್ಲಿ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ತೆಗೆದುಕೊಂಡ ರೆವಿನ್ಯೂ ಸೈಟಿನ ಕಾಗದಗಳು, ಕಾನೂನು ಬದಲಾದ ಮೇಲೂ ನಡೆಯುತ್ತವೆಯೇ ಎಂದು ಕೇಳಿದ್ದೀಯ. ಇಂಥ ಕಾಗದ ಜೋಪಾನ ಮಾಡಿಟ್ಟ ಮನೆಗಳು ಬೇಕಾದಷ್ಟಿವೆ. ಅವರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಹೊಸ ಕಾನೂನು ಬಂದ ಮಾತ್ರಕ್ಕೆ ಹಳೆಯ ಅಧಿಕಾರ ಪತ್ರ ರದ್ದಾಗುವುದಿಲ್ಲ. ಮೊದಲು ಜಿಪಿಎ ಜೊತೆಗಿನ ಕರಾರಿನ ತಾರೀಖು ನೋಡು. 2001ರ ಸೆಪ್ಟೆಂಬರ್ 24ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಂದಿನಿಂದಾಚೆಗೆ ಸ್ವಾಧೀನ ಬಿಟ್ಟುಕೊಟ್ಟ ಕ್ರಯದ ಕರಾರು ನೋಂದಣಿಯಾಗದಿದ್ದರೆ, ಸ್ವತ್ತು ವರ್ಗಾವಣೆ ಕಾಯ್ದೆಯ 53ಎ ಕಲಮು ಕೊಂಡವರ ಸ್ವಾಧೀನಕ್ಕೆ ಕೊಡುವ ರಕ್ಷಣೆ ಸಿಗದು. ಅದಕ್ಕೂ ಹಿಂದಿನ ಕರಾರಿಗೆ ಆ ತಿದ್ದುಪಡಿ ತಾಗುವುದಿಲ್ಲ.

2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದ ತೀರ್ಪು ಬಂದಾಗ ಜಿಪಿಎಗಳೆಲ್ಲ ಹೋದವು ಎಂದು ಜನ ಗಾಬರಿಯಾದರು. ಸುಪ್ರೀಂ ಕೋರ್ಟ್ ಹೇಳಿದ್ದು ಹೊಸದೇನಲ್ಲ: ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು. ಹೆಂಡತಿಗೋ ಮಗನಿಗೋ ವ್ಯವಹಾರ ನೋಡಿಕೊಳ್ಳಲು ಕೊಟ್ಟ ನಿಜವಾದ ಅಧಿಕಾರ ಪತ್ರಗಳನ್ನು ಅದು ಮುಟ್ಟಲೇ ಇಲ್ಲ.

ನನಗೆ ಹೆದರಿಕೆ ಕಾನೂನಿನ ಬದಲಾವಣೆಯದಲ್ಲ, ಸಾವಿನದು. ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ ಬರೆದುಕೊಟ್ಟವರು ತೀರಿಕೊಂಡರೆ ಅಧಿಕಾರವೂ ಮುಗಿಯಿತು, ಬುದ್ಧಿಭ್ರಮಣೆಯಾದರೂ ಅಷ್ಟೇ. ಸ್ವತ್ತಿನಲ್ಲಿ ಅಧಿಕಾರ ಪಡೆದವರ ಹಿತಾಸಕ್ತಿ ಸೇರಿದ್ದರೆ ಮಾತ್ರ 202ನೇ ಕಲಮಿನ ವಿನಾಯಿತಿ. ಬೆಂಗಳೂರು ದಕ್ಷಿಣದ ಚುಂಚಘಟ್ಟದ ಒಂದು ಸ್ವತ್ತಿಗೆ 1986ರಲ್ಲಿ ಜಿಪಿಎ ಮತ್ತು ನೋಂದಣಿಯಿಲ್ಲದ ಕರಾರು ಆಗಿತ್ತು. ಮಾಲೀಕರು 1997ರಲ್ಲಿ ತೀರಿಕೊಂಡರು. ಜಿಪಿಎ ಹಿಡಿದಿದ್ದವರು 1998ರಲ್ಲಿ ತಮ್ಮ ಮಗನಿಗೇ ಕ್ರಯಪತ್ರ ಮಾಡಿಕೊಟ್ಟರು. ಪತ್ರದ ತಲೆಯ ಮೇಲೆ ‘ರದ್ದುಪಡಿಸಲಾಗದ್ದು’ ಎಂದು ಬರೆದಿದ್ದರೂ, ಒಳಗಿನ ಒಕ್ಕಣೆ ಬರೀ ನಿರ್ವಹಣೆಯ ಅಧಿಕಾರದ್ದು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗೆದ್ದದ್ದು ವಾರಸುದಾರರ ಕಡೆಯಿಂದ ಹಕ್ಕು ಬಂದವರು. ಆ ‘ರದ್ದುಪಡಿಸಲಾಗದ್ದು’ ಎಂಬ ಮಾತನ್ನು ಬ್ರೋಕರ್‌ಗಳು ಇಂದಿಗೂ ಮಂತ್ರದಂತೆ ಹೇಳುತ್ತಾರೆ, ನಂಬಬೇಡ.

ಹಾಗಾಗಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸು, ಬರೆದುಕೊಟ್ಟವರು ಬದುಕಿದ್ದಾರೆಯೇ ವಿಚಾರಿಸು. ಬದುಕಿದ್ದರೆ ಅವರನ್ನೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆತಂದು ಕ್ರಯಪತ್ರ ಮಾಡಿಸಲು ದಾರಿಯುಂಟೇ ಎಂದು ವಕೀಲರನ್ನು ಕೇಳು. ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ. ಮುದ್ರಾಂಕ ಶುಲ್ಕ ಜಾಸ್ತಿಯಾಯಿತು ಎಂದು ಗೊಣಗಬೇಡ. ದಸರೆ ಕಳೆಯಲಿ ಎಂದು ಮುಂದೂಡದೆ ಈ ವಾರವೇ ಹೊರಡು.

ನಿನ್ನ ದೊಡ್ಡಪ್ಪ