ಮೊದಲು ಮೆಕ್ಯಾನಿಕ್, ಆಮೇಲೆ ಮೆಷಿನ್

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಹಳೆಯ ಹೊಲಿಗೆ ಮೆಷಿನ್, ಮಿಕ್ಸಿ, ರೇಡಿಯೊ ಹುಡುಕುವುದು ನನ್ನ ಬಹುಕಾಲದ ಹವ್ಯಾಸ. ಅಲ್ಲಿ ಕಲಿತ ಪಾಠ ಒಂದೇ: ಕೊಳ್ಳುವ ಮುಂಚೆ, ಅದರ ಬಿಡಿಭಾಗ ಇವತ್ತಿಗೂ ಸಿಗುತ್ತದೆಯೇ, ಬಿಚ್ಚಿ ಜೋಡಿಸಬಲ್ಲವರು ಊರಲ್ಲಿದ್ದಾರೆಯೇ ಎಂದು ವಿಚಾರಿಸಬೇಕು.

ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ತಯಾರಾದ ಸಿಂಗರ್ ಮೆಷಿನ್‌ಗಳು ಇನ್ನೂ ಗುಜರಿಗೆ ಬರುತ್ತವೆ; ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಕಪ್ಪು ಮೈಮೇಲಿನ ಚಿನ್ನದ ಬಣ್ಣದ ಚಿತ್ತಾರ ಕಂಡರೆ ಯಾರ ಮನಸ್ಸಾದರೂ ಸೋಲುತ್ತದೆ. ನಾನು ಮಾತ್ರ ಮೊದಲು ಸೂಜಿಯ ಪಕ್ಕದ ತಗಡು ಸರಿಸಿ ಒಳಗೆ ಇಣುಕುತ್ತೇನೆ. ದೋಣಿಯಂಥ ಉದ್ದನೆಯ ಶಟಲ್ ಇರಬೇಕಾದ ಜಾಗ ಖಾಲಿಯಿದ್ದರೆ ಅಲ್ಲಿಗೇ ಕೈಬಿಡುತ್ತೇನೆ. ಬದಲಿ ಶಟಲ್‌ಗಾಗಿ ಊರೆಲ್ಲ ಅಲೆಯಬೇಕಾಗುತ್ತದೆ. ಉಷಾದ ಹಳೆಯ ಕಪ್ಪು ಮೆಷಿನ್ನಿನ ದುಂಡು ಬಾಬಿನ್, ಕೇಸ್‌ಗಳಾದರೆ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಈಗಲೂ ಸಿಗುತ್ತವೆ.

ಚಕ್ರ ತಿರುಗದಿದ್ದರೆ ಕೂಡಲೇ ಬೇಡವೆನ್ನಬೇಡಿ. ಎಷ್ಟೋ ಸಲ ಹಳೆಯ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೆ. ಕೀಲುಗಳಿಗೆ ಸೀಮೆಎಣ್ಣೆ ಬಿಟ್ಟು, ನೆನೆಯಲು ಬಿಟ್ಟು, ಒರೆಸಿ, ಆಮೇಲೆ ಮೆಷಿನ್ ಎಣ್ಣೆ ಹಾಕಿದರೆ ಸಡಿಲವಾಗುತ್ತದೆ. ಹೊಸದಾಗಿ ಪೇಂಟ್ ಬಳಿದದ್ದನ್ನು ಕಂಡರೆ ಮಾತ್ರ ಹುಷಾರಾಗಿರಿ. ಬೀಡಿನಲ್ಲಿ ಬಿಟ್ಟ ಬಿರುಕು ಬಣ್ಣದಡಿ ಅಡಗಿರಬಹುದು. ಹಳೆಯ ಬಟ್ಟೆಯ ಎರಡು ತುಂಡು ಒಯ್ದು, ಎರಡು ಮಡಿಕೆಯ ಮೇಲೆ ಹೊಲಿದು ನೋಡಿ. ಮೇಲಿನ ಹೊಲಿಗೆಯ ಜೊತೆ ಅಡಿಯದ್ದನ್ನೂ ನೋಡಿ.

ಹಳೆಯ ಸುಮೀತ್ ಮಿಕ್ಸಿ ಸಿಕ್ಕರೆ ಮೊದಲು ಜಾರಿನ ಬ್ಲೇಡ್ ಹಿಡಿದು ಅಲುಗಾಡಿಸುತ್ತೇನೆ. ಅದು ಆಚೀಚೆ ಆಡಿದರೆ ಬುಷ್ ಸವೆದಿದೆ. ಬುಷ್, ಕಪ್ಲರ್, ಕಾರ್ಬನ್ ಬ್ರಷ್ ಇವೆಲ್ಲ ಸಣ್ಣ ಖರ್ಚಿನವು. ಮೋಟಾರಿನಿಂದ ಸುಟ್ಟ ವಾಸನೆ ಬಂದರೆ ಮಾತ್ರ ವೈಂಡಿಂಗ್ ಹೋಗಿದೆ ಎಂದೇ ಲೆಕ್ಕ ಹಾಕಿ ಬೆಲೆ ಕೇಳಿ. ಹಳೆಯ ವೈರಿನ ರಬ್ಬರ್ ಒಣಗಿ ಉದುರುತ್ತಿರುತ್ತದೆ, ಹೊಸ ವೈರ್ ಹಾಕಿಸದೆ ಮನೆಯ ಪ್ಲಗ್ಗಿಗೆ ಚುಚ್ಚಬೇಡಿ. ವಾಲ್ವ್ ರೇಡಿಯೊವನ್ನಂತೂ ಬಲ್ಲವರ ಕೈಗೇ ಕೊಡಿ. ಕೆಲವು ಮಾದರಿಗಳ ಒಳಗಿನ ಲೋಹದ ಚಾಸಿಗೇ ಕರೆಂಟ್ ಹರಿಯುತ್ತದೆ.

ಹಳೆಯ ಫ್ರಿಜ್ ಮಾತ್ರ ಬೇಡ. ಅವುಗಳಲ್ಲಿದ್ದ ಆರ್-12 ಅನಿಲ ಓಜೋನ್ ಪದರವನ್ನು ಕೊರೆಯುವಂಥದ್ದು. ಅದರ ಉತ್ಪಾದನೆಗೆ ಮಾಂಟ್ರಿಯಲ್ ಒಪ್ಪಂದದಡಿ 2010ರ ಹೊತ್ತಿಗೆ ತೆರೆ ಬಿತ್ತು. ಕರೆಂಟ್ ಬಿಲ್ಲೂ ಜಾಸ್ತಿ.

ನಾನು ಹೋಗುವ ರಿಪೇರಿ ಅಂಗಡಿಯ ಹಿರಿಯರು ಮೊನ್ನೆ, "ಹಳೇ ಸಾಮಾನು ಕೆಡೋದೇ ಕಮ್ಮಿ ಮೇಡಂ, ತರೋರೇ ಕಮ್ಮಿಯಾಗಿದ್ದಾರೆ" ಎಂದರು. ಅವರ ಅಂಗಡಿ ಬಾಗಿಲು ಹಾಕಿದರೆ ನನ್ನ ಮೆಷಿನ್‌ಗಳೂ ಮೂಲೆ ಸೇರುತ್ತವೆ. ಹಾಗಾಗಿ ಮನೆಯ ಹೊಸ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಕೆಟ್ಟಾಗಲೂ ಎಸೆಯದೆ ಅವರ ಬಳಿಗೇ ಒಯ್ಯುತ್ತೇನೆ. ಹಳೆಯ ವಸ್ತು ಉಳಿಯಬೇಕೆಂದು ಬಯಸುವವರು ಮೊದಲು ಅದನ್ನು ಬಲ್ಲ ಕೈಗಳಿಗೆ ಕೆಲಸ ಕೊಡಬೇಕು.